ಮನುಷ್ಯ–ನಿಸರ್ಗ ಭಾವಸಂಬಂಧ

ಗಿಡಮರ, ಪ್ರಾಣಿಪಕ್ಷಿ, ನೀರು, ನೆಲ, ಮಳೆಬಿಸಿಲುಗಳ ಬಗ್ಗೆ ಮನುಷ್ಯರಲ್ಲಿ ಬೆಳೆಯುವ ಒಲವು, ಭಯ, ಭಕ್ತಿ, ಹಂಬಲ, ದುಃಖಗಳನ್ನೂ ಇವೆಲ್ಲ ಮನಸ್ಸಿನ ಆರೋಗ್ಯದ ಮೇಲೆ ಬೀರುವ ಪರಿಣಾಮವನ್ನೂ ಒಟ್ಟಾಗಿ ಈ ಹೆಸರಿನಿಂದ ಗುರುತಿಸಲಾಗುತ್ತದೆ. ಕವಿಗಳಿಗೆ ಇದು ಬಹು ಹಳೆಯ ವಸ್ತು. ಮನಶ್ಶಾಸ್ತ್ರಕ್ಕೆ ತೀರ ಹೊಸದು. ಇಪ್ಪತ್ತನೆಯ ಶತಮಾನದ ಬಹುಪಾಲು ಮನಶ್ಶಾಸ್ತ್ರಜ್ಞರು ಮನುಷ್ಯನನ್ನು ಅವನ ಬಾಲ್ಯ, ಕುಟುಂಬ, ಸಮಾಜಗಳ ನಡುವೆ ನಿಲ್ಲಿಸಿ ನೋಡಿದರು. ಅವನ ಮನೆಯ ಹಿಂದೆ ಹರಿಯುವ ಹಳ್ಳವನ್ನಾಗಲಿ ಅಂಗಳದ ಮರವನ್ನಾಗಲಿ ಲೆಕ್ಕಕ್ಕೆ ತೆಗೆದುಕೊಂಡವರು ವಿರಳ. ಅಮೆರಿಕದ ಮನೋವೈದ್ಯ ಹೆರಾಲ್ಡ್ ಸರ್ಲ್ಸ್ 1960ರಲ್ಲಿ ಪ್ರಕಟಿಸಿದ ಗ್ರಂಥ ಈ ಕೊರತೆಯತ್ತ ಬೊಟ್ಟು ಮಾಡಿದ ಮೊದಮೊದಲಿನವುಗಳಲ್ಲಿ ಒಂದು. 1980ರ ದಶಕದಿಂದೀಚೆಗೆ ಸಂಶೋಧನೆ ಬಿರುಸಾಗಿ ಬೆಳೆದು, ಈಗ ಪರಿಸರ ಮನಶ್ಶಾಸ್ತ್ರ, ಸಾರ್ವಜನಿಕ ಆರೋಗ್ಯ, ನಗರ ಯೋಜನೆ, ನರವಿಜ್ಞಾನಗಳಲ್ಲೆಲ್ಲ ಹರಡಿಕೊಂಡಿದೆ.

ಈ ಅಧ್ಯಯನಗಳಲ್ಲಿ ಹೆಚ್ಚಿನವು ನಿಸರ್ಗವನ್ನು ನೋಡಲು ಹೋಗುವವರನ್ನು ಕುರಿತವು. ಅದರೊಳಗೇ ದುಡಿದು ಬದುಕುವವರ ನಂಟು ಬೇರೆ ಬಗೆಯದು. ಅದರ ಬಗ್ಗೆ ಪ್ರಯೋಗಾಲಯಗಳಿಗಿಂತ ಹೆಚ್ಚು ಹೇಳುವುದು ಆಚರಣೆಗಳು, ಚಳವಳಿಗಳು ಮತ್ತು ಸಾಹಿತ್ಯ. ಆದ್ದರಿಂದ ಇಲ್ಲಿ ಕರ್ನಾಟಕದ ನಿದರ್ಶನಗಳಿಗೆ ಹೆಚ್ಚು ಜಾಗ ಕೊಡಲಾಗಿದೆ.

ಒಲವು ಹುಟ್ಟಿನಿಂದಲೇ ಬಂದದ್ದೇ?

ಜೀವದ ಬಗೆಗಿನ ಪ್ರೀತಿ ಎಂಬ ಅರ್ಥದಲ್ಲಿ ‘ಬಯೋಫಿಲಿಯಾ’ ಎಂಬ ಪದವನ್ನು 1960ರ ದಶಕದಲ್ಲಿ ಬಳಕೆಗೆ ತಂದವನು ಮನೋವಿಶ್ಲೇಷಕ ಎರಿಕ್ ಫ್ರಾಮ್. ಅದಕ್ಕೆ ಜೀವವಿಜ್ಞಾನದ ನೆಲೆ ಒದಗಿಸಿದವನು ಇರುವೆಗಳ ಅಧ್ಯಯನಕ್ಕೆ ಹೆಸರಾದ ಎಡ್ವರ್ಡ್ ವಿಲ್ಸನ್. 1984ರಲ್ಲಿ ಅದೇ ಹೆಸರಿನ ಪುಸ್ತಕದಲ್ಲಿ ಅವನು ಮಂಡಿಸಿದ ವಾದ ಹೀಗಿದೆ: ಮನುಷ್ಯಜಾತಿ ತನ್ನ ಇತಿಹಾಸದ ಬಹುಭಾಗವನ್ನು ಬೇಟೆ, ಸಂಗ್ರಹಣೆಗಳಲ್ಲಿ ಕಳೆದಿದೆ. ಜೀವಿಗಳತ್ತ ಗಮನ ಹರಿಸಿದವರು ಉಳಿದರು, ಹರಿಸದವರು ಅಳಿದರು. ಆ ಒಲವು ಹೀಗೆ ನಮ್ಮ ಹುಟ್ಟುಗುಣವಾಯಿತು. ಇದಕ್ಕೂ ಮುಂಚೆ, 1975ರಲ್ಲಿ, ಬ್ರಿಟಿಷ್ ಭೂಗೋಳಜ್ಞ ಜೇ ಆ್ಯಪಲ್ಟನ್, ತಾನು ಮರೆಯಲ್ಲಿದ್ದು ಸುತ್ತಲಿನದನ್ನೆಲ್ಲ ಕಾಣಬಹುದಾದ ಜಾಗಗಳು ಮನುಷ್ಯನಿಗೆ ಸಹಜವಾಗಿ ಹಿಡಿಸುತ್ತವೆ ಎಂದು ಹೇಳಿದ್ದ. ವಿಲ್ಸನ್‌ನ ವಾದ ಬಲು ಜನಪ್ರಿಯವಾಯಿತು. ಆದರೆ ಅದನ್ನು ಪರೀಕ್ಷೆಗೊಡ್ಡುವುದು ಕಷ್ಟ. ಒಲವಿದ್ದರೂ ಹುಟ್ಟುಗುಣ, ಭಯವಿದ್ದರೂ ಹುಟ್ಟುಗುಣ ಎನ್ನುವ ಸಿದ್ಧಾಂತವನ್ನು ಸುಳ್ಳೆಂದು ತೋರಿಸುವ ಬಗೆಯಾದರೂ ಯಾವುದು?

ಭಯದ ಮಟ್ಟಿಗೆ ಪುರಾವೆ ಗಟ್ಟಿಯಾಗಿದೆ. ಅಮೆರಿಕದ ಮನಶ್ಶಾಸ್ತ್ರಜ್ಞೆ ಸೂಸನ್ ಮಿನೆಕಾ ಮತ್ತು ಸಂಗಡಿಗರು 1980ರ ದಶಕದಲ್ಲಿ, ಪ್ರಯೋಗಾಲಯದಲ್ಲೇ ಬೆಳೆದು ಹಾವನ್ನೇ ಕಾಣದಿದ್ದ ರೀಸಸ್ ಕೋತಿಗಳನ್ನು ಆರಿಸಿಕೊಂಡರು. ಹಾವು ಕಂಡರೆ ಅವುಗಳಿಗೆ ಭಯವಿರಲಿಲ್ಲ. ಕಾಡಿನಲ್ಲಿ ಬೆಳೆದ ಕೋತಿಯೊಂದು ಹಾವಿಗೆ ಬೆದರುವ ದೃಶ್ಯವನ್ನು ನೋಡಿದ ಮೇಲೆ ಅವೂ ಬೇಗನೆ ಹೆದರತೊಡಗಿದವು. ಅದೇ ದೃಶ್ಯವನ್ನು ತಿದ್ದಿ, ಕೋತಿ ಹೂವಿಗೆ ಬೆದರುತ್ತಿರುವಂತೆ ತೋರಿಸಿದಾಗ ಅವು ಹೂವಿಗೆ ಹೆದರಲು ಕಲಿಯಲಿಲ್ಲ. ಅಂದರೆ ಭಯ ಹುಟ್ಟಿನಿಂದ ಸಿದ್ಧವಾಗಿ ಬಂದದ್ದಲ್ಲ. ಕೆಲವು ಭಯಗಳನ್ನು ಬಹು ಸುಲಭವಾಗಿ ಕಲಿಯುವ ಅಣಿ ಮಾತ್ರ ಹುಟ್ಟಿನಿಂದ ಬಂದದ್ದು. ಒಲವಿನ ಬಗ್ಗೆಯೂ ಇಷ್ಟೇ ಹೇಳಬಹುದೆಂದು ತೋರುತ್ತದೆ.

ಭಯವನ್ನು ಒಲವಿನ ವಿರುದ್ಧ ಪದವೆಂದು ಎಣಿಸುವವರು ತುಳುನಾಡಿನ ನಾಗಬನಗಳನ್ನು ನೋಡಬೇಕು. ಹೊಲಗದ್ದೆಗಳ ನಡುವೆ ಒಂದು ತುಂಡು ಕಾಡನ್ನು ಕತ್ತಿ ತಾಗಿಸದೆ ತಲೆಮಾರುಗಟ್ಟಲೆ ಉಳಿಸಿದ್ದು ಹಾವಿನ ಭಯ, ನಾಗದೋಷದ ಭಯ. ಅದೇ ಭಯ ತನು, ಆಶ್ಲೇಷಾ ಬಲಿ, ನಾಗಮಂಡಲಗಳಂಥ ಸೇವೆಗಳಾಗಿ, ಕುಟುಂಬವನ್ನು ಮೂಲದ ಜಾಗಕ್ಕೆ ಕಟ್ಟಿಹಾಕುವ ನಂಟಾಗಿ ಬೆಳೆದಿದೆ. ಈಚಿನ ದಶಕಗಳಲ್ಲಿ ಎಷ್ಟೋ ಕಡೆ ಮರಗಳನ್ನು ತೆಗೆದು ಸಿಮೆಂಟಿನ ಕಟ್ಟೆ ಕಟ್ಟಿಸಿ, ಟೈಲ್ಸ್ ಹಾಸಿ ಜೀರ್ಣೋದ್ಧಾರ ಮಾಡಲಾಗಿದೆ. ನಾಗನ ಮೇಲಿನ ಭಕ್ತಿ ಕಡಿಮೆಯಾಗಿಲ್ಲ, ಬನ ಮಾತ್ರ ಹೋಗಿದೆ.

ಕಿಟಕಿಯಾಚೆಗಿನ ಮರ

ಈ ಕ್ಷೇತ್ರದಲ್ಲಿ ಅತಿ ಹೆಚ್ಚು ಉಲ್ಲೇಖಗೊಂಡ ಅಧ್ಯಯನ ರೋಜರ್ ಉಲ್ರಿಚ್‌ನದು. ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆಯಲ್ಲಿ 1972ರಿಂದ 1981ರವರೆಗೆ ಪಿತ್ತಕೋಶದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರ ದಾಖಲೆಗಳನ್ನು ಅವನು ತೆಗೆದು ನೋಡಿದ. ವಯಸ್ಸು, ಲಿಂಗ ಮೊದಲಾದವುಗಳಲ್ಲಿ ಹೋಲಿಕೆಯಿದ್ದ 23 ಜೋಡಿ ರೋಗಿಗಳನ್ನು ಆರಿಸಿದ. ಪ್ರತಿ ಜೋಡಿಯಲ್ಲಿ ಒಬ್ಬರ ಕಿಟಕಿಯಿಂದ ಮರಗಳು ಕಾಣುತ್ತಿದ್ದವು, ಇನ್ನೊಬ್ಬರ ಕಿಟಕಿಯಿಂದ ಕಂದು ಇಟ್ಟಿಗೆಯ ಗೋಡೆ. ಮರ ಕಾಣುತ್ತಿದ್ದವರು ಶಸ್ತ್ರಚಿಕಿತ್ಸೆಯ ನಂತರ ಸರಾಸರಿ 7.96 ದಿನಗಳಲ್ಲಿ ಮನೆಗೆ ಹೋದರು, ಗೋಡೆ ಕಾಣುತ್ತಿದ್ದವರು 8.70 ದಿನಗಳಲ್ಲಿ. ಮೊದಲನೆಯವರು ಬಳಸಿದ ಬಲವಾದ ನೋವುನಿವಾರಕಗಳೂ ಕಡಿಮೆ, ದಾದಿಯರ ಟಿಪ್ಪಣಿಗಳಲ್ಲಿ ಅವರ ಬೇಸರ, ಅಳುವಿನ ಪ್ರಸ್ತಾಪವೂ ಕಡಿಮೆ. 1984ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಈ ಪುಟ್ಟ ಲೇಖನ ಆಸ್ಪತ್ರೆಗಳ ವಾಸ್ತುವಿನ್ಯಾಸದ ಮೇಲೆ ದೊಡ್ಡ ಪ್ರಭಾವ ಬೀರಿತು. 46 ಜನರ ಮಾಹಿತಿಯ ಮೇಲೆ ಇಷ್ಟು ಭಾರ ಹೇರಿದ್ದು ಅತಿಯೆಂದೇ ಹೇಳಬೇಕು. ಹೋಲಿಕೆ ಆ ಒಂದು ಗೋಡೆಯ ಜೊತೆಗಷ್ಟೇ ಎಂದು ಉಲ್ರಿಚ್ ತಾನೇ ಎಚ್ಚರಿಸಿದ್ದ.

ಮರ ನೋಡಿದರೆ ಮನಸ್ಸಿನಲ್ಲಿ ಆಗುವುದಾದರೂ ಏನು? ಇದಕ್ಕೆ ಎರಡು ಉತ್ತರಗಳು ಪ್ರಚಾರದಲ್ಲಿವೆ. ಉಲ್ರಿಚ್‌ನ ಪ್ರಕಾರ ಅದು ಮೊದಲಿಗೆ ದೇಹದ ಮಾತು: ಹಸಿರು, ನೀರು ಕಂಡೊಡನೆ ಯೋಚನೆಗೆ ಮುಂಚೆಯೇ ನಾಡಿಬಡಿತ, ಸ್ನಾಯುಗಳ ಬಿಗಿ ಇಳಿಯುತ್ತದೆ. ಮಿಷಿಗನ್ ವಿಶ್ವವಿದ್ಯಾಲಯದ ರಾಚೆಲ್ ಮತ್ತು ಸ್ಟೀಫನ್ ಕ್ಯಾಪ್ಲನ್ ದಂಪತಿ 1989ರ ತಮ್ಮ ಗ್ರಂಥದಲ್ಲಿ ಇನ್ನೊಂದು ವಿವರಣೆ ಕೊಟ್ಟರು. ಲೆಕ್ಕ ಮಾಡುವಾಗ, ವಾಹನ ಓಡಿಸುವಾಗ ನಾವು ಪ್ರಯತ್ನಪಟ್ಟು ಗಮನವನ್ನು ಹಿಡಿದಿಟ್ಟಿರುತ್ತೇವೆ. ಆ ಶಕ್ತಿ ದಣಿಯುತ್ತದೆ. ಎಲೆಗಳ ಅಲುಗಾಟ, ಮೋಡದ ಚಲನೆ, ನೀರಿನ ಹರಿವು ನಮ್ಮ ಗಮನವನ್ನು ಸೆಳೆದರೂ ಬಲವಂತ ಮಾಡುವುದಿಲ್ಲವಾದ್ದರಿಂದ ದಣಿದ ಗಮನಕ್ಕೆ ಆ ಹೊತ್ತಿನಲ್ಲಿ ಬಿಡುವು ಸಿಗುತ್ತದೆ. 2008ರಲ್ಲಿ ಮಾರ್ಕ್ ಬರ್ಮನ್ ಮತ್ತು ಸಂಗಡಿಗರು ಆ ವಿಶ್ವವಿದ್ಯಾಲಯವಿರುವ ಊರಿನ ಸಸ್ಯೋದ್ಯಾನದಲ್ಲೂ ಪೇಟೆಬೀದಿಯಲ್ಲೂ ಒಂದೇ ಜನರನ್ನು ಬೇರೆಬೇರೆ ದಿನ ನಡೆಸಿ, ಅಂಕಿಗಳನ್ನು ಹಿಂದಿನಿಂದ ಮುಂದಕ್ಕೆ ಹೇಳುವ ಪರೀಕ್ಷೆ ಕೊಟ್ಟಾಗ ಉದ್ಯಾನದ ನಡಿಗೆಯ ನಂತರ ಅವರ ಫಲಿತಾಂಶ ಸುಧಾರಿಸಿತು. ನಡಿಗೆ ಖುಷಿ ಕೊಟ್ಟಿತೋ ಇಲ್ಲವೋ, ಚಳಿಯಲ್ಲಿ ನಡೆದವರಿಗೂ ಲಾಭವಾಗಿತ್ತು. 2015ರಲ್ಲಿ ಸ್ಟ್ಯಾನ್‌ಫರ್ಡ್‌ನ ಗ್ರೆಗೊರಿ ಬ್ರಾಟ್ಮನ್ ತಂಡ ಇನ್ನೊಂದು ಎಳೆ ಸೇರಿಸಿತು: ಹಸಿರಿನ ನಡುವೆ 90 ನಿಮಿಷ ನಡೆದವರಲ್ಲಿ, ಕಹಿ ನೆನಪನ್ನು ಮತ್ತೆಮತ್ತೆ ಮೆಲುಕು ಹಾಕುವ ಚಾಳಿ ತುಸು ತಗ್ಗಿತು. ಆ ಚಾಳಿಗೆ ಸಂಬಂಧಿಸಿದ ಮಿದುಳಿನ ಭಾಗದ ಚಟುವಟಿಕೆಯೂ ಇಳಿಯಿತು.

ಮರಗಳಿರುವ ಬಡಾವಣೆಯಲ್ಲಿ ಉಳ್ಳವರು ವಾಸಿಸುತ್ತಾರೆ, ಉಳ್ಳವರ ಆರೋಗ್ಯ ಹೇಗೂ ಚೆನ್ನಾಗಿರುತ್ತದೆ ಎಂಬ ಆಕ್ಷೇಪ ಇಂಥ ಸಂಶೋಧನೆಗಳ ಬೆನ್ನಿಗೇ ಇದೆ. ಇದನ್ನು ದಾಟಿದ ಅಪರೂಪದ ಅಧ್ಯಯನ ಶಿಕಾಗೊದ್ದು. ಅಲ್ಲಿನ ಸರ್ಕಾರಿ ವಸತಿ ಸಮುಚ್ಚಯ ರಾಬರ್ಟ್ ಟೇಲರ್ ಹೋಮ್ಸ್‌ನಲ್ಲಿ ಕಟ್ಟಡಗಳೆಲ್ಲ ಒಂದೇ ತೆರ. ಕೆಲವುಗಳ ಮುಂದೆ ಮರಗಳಿದ್ದವು, ಕೆಲವುಗಳ ಮುಂದೆ ಬರೀ ಕಾಂಕ್ರೀಟು. ಯಾವ ಕುಟುಂಬಕ್ಕೆ ಯಾವ ಮನೆ ಎಂಬುದರಲ್ಲಿ ಬಾಡಿಗೆದಾರರ ಆಯ್ಕೆ ನಡೆಯುತ್ತಿರಲಿಲ್ಲ. ಫ್ರಾನ್ಸಿಸ್ ಕುವೊ ಮತ್ತು ವಿಲಿಯಂ ಸಲಿವನ್ 145 ಮಹಿಳೆಯರನ್ನು ಮಾತಾಡಿಸಿ 2001ರಲ್ಲಿ ವರದಿ ಮಾಡಿದರು: ಮರಗಳಿದ್ದ ಕಡೆ ಮನೆಯೊಳಗಿನ ಜಗಳ, ಹೊಡೆತಗಳು ಕಡಿಮೆ. ಬಡವರ ಕೇರಿಯಲ್ಲಿ ನೆಟ್ಟ ನಾಲ್ಕು ಮರಗಳೂ ಅಲಂಕಾರವಲ್ಲ ಎನ್ನುವುದಕ್ಕೆ ಈ ಅಧ್ಯಯನದಷ್ಟು ಒಳ್ಳೆಯ ಆಧಾರ ಇನ್ನೊಂದಿಲ್ಲ.

ದೊಡ್ಡ ಪ್ರಮಾಣದ ಸಮೀಕ್ಷೆಗಳು ಈಚಿನವು. ಡೆನ್ಮಾರ್ಕಿನಲ್ಲಿ 1985ರಿಂದ 2003ರವರೆಗೆ ಹುಟ್ಟಿದ ಒಂಬತ್ತು ಲಕ್ಷಕ್ಕೂ ಹೆಚ್ಚು ಜನರ ದಾಖಲೆಗಳನ್ನು ಉಪಗ್ರಹ ಚಿತ್ರಗಳೊಂದಿಗೆ ತಾಳೆ ನೋಡಿ, ಬಾಲ್ಯದಲ್ಲಿ ತೀರ ಕಡಿಮೆ ಹಸಿರಿನ ನಡುವೆ ಬೆಳೆದವರಲ್ಲಿ ಮುಂದೆ ಮಾನಸಿಕ ಕಾಯಿಲೆಗಳ ಅಪಾಯ ಶೇ. 55ರವರೆಗೂ ಹೆಚ್ಚು ಎಂದು 2019ರಲ್ಲಿ ಪ್ರಕಟಿಸಲಾಯಿತು. ಅದೇ ವರ್ಷ ಇಂಗ್ಲೆಂಡಿನ ಸುಮಾರು 20,000 ಜನರ ಸಮೀಕ್ಷೆಯಿಂದ, ವಾರಕ್ಕೆ 120 ನಿಮಿಷವಾದರೂ ನಿಸರ್ಗದ ನಡುವೆ ಕಳೆಯುವವರು ತಮ್ಮ ಆರೋಗ್ಯ, ನೆಮ್ಮದಿ ಚೆನ್ನಾಗಿದೆ ಎಂದು ಹೇಳುವ ಸಾಧ್ಯತೆ ಹೆಚ್ಚು ಎಂಬ ಅಂಶ ಹೊರಬಂತು. ಎರಡು ಗಂಟೆ ಎಂಬ ಈ ಅಂಕಿ ಪತ್ರಿಕೆಗಳಲ್ಲಿ ವೈದ್ಯರ ಚೀಟಿಯಂತೆ ಪ್ರಚಾರವಾಗಿದೆ. ಆರೋಗ್ಯವಿದ್ದವರೇ ಹೊರಗೆ ಹೆಚ್ಚು ಅಡ್ಡಾಡುತ್ತಾರೆ ಎಂಬ ಸಾಧ್ಯತೆಯನ್ನು ಅಂಥ ಸಮೀಕ್ಷೆ ತಳ್ಳಿಹಾಕಲಾರದು. ಜಪಾನಿನ ಅರಣ್ಯ ಇಲಾಖೆ 1982ರಲ್ಲಿ ಹುಟ್ಟುಹಾಕಿದ ‘ಶಿನ್ರಿನ್ ಯೊಕು’ (ಕಾಡಿನ ಮೀಹ) ಕುರಿತ ಪ್ರಯೋಗಗಳಲ್ಲೂ ರಕ್ತದ ರೋಗನಿರೋಧಕ ಕಣಗಳು ಚುರುಕಾದ ವರದಿಗಳಿವೆ. ಆದರೆ ಅವುಗಳಲ್ಲಿ ಪ್ರಸಿದ್ಧವಾದ ಒಂದರಲ್ಲಿ ಭಾಗವಹಿಸಿದ್ದವರು ಕೇವಲ 12 ಜನ.

ಅಳತೆಗೋಲುಗಳು

ನಿಸರ್ಗದೊಂದಿಗಿನ ನಂಟನ್ನು ಅಳೆಯಲು ಹತ್ತಾರು ಪ್ರಶ್ನಾವಳಿಗಳಿವೆ. ವೆಸ್ಲಿ ಶುಲ್ಟ್ಸ್‌ನದು (2002) ಎಲ್ಲಕ್ಕಿಂತ ಸರಳ: ‘ನಾನು’ ಮತ್ತು ‘ನಿಸರ್ಗ’ ಎಂದು ಬರೆದ ಎರಡು ವೃತ್ತಗಳು ದೂರ ಇರುವ ಚಿತ್ರದಿಂದ ಪೂರ್ತಿ ಒಂದರೊಳಗೊಂದು ಸೇರಿದ ಚಿತ್ರದವರೆಗೆ ಏಳರಲ್ಲಿ ಒಂದನ್ನು ಆರಿಸಿದರಾಯಿತು. ಸ್ಟೀಫನ್ ಮೇಯರ್ ಮತ್ತು ಸಿಂಥಿಯಾ ಫ್ರಾಂಟ್ಸ್‌ರ 2004ರ ಮಾಪನದಲ್ಲಿ 14 ಹೇಳಿಕೆಗಳಿವೆ. ಹೆಚ್ಚು ಅಂಕ ಪಡೆದವರು ಹೆಚ್ಚು ನೆಮ್ಮದಿಯಲ್ಲಿರುತ್ತಾರೆ, ಪರಿಸರ ಕಾಳಜಿಯಿಂದ ನಡೆದುಕೊಳ್ಳುತ್ತಾರೆ ಎಂಬ ಫಲಿತಾಂಶ ಹಲವು ದೇಶಗಳಿಂದ ಬಂದಿದೆ. ತೊಡಕು ಬೇರೆ ಕಡೆ ಇದೆ. ‘ನಾನು’ ಒಂದು ಕಡೆ, ‘ನಿಸರ್ಗ’ ಇನ್ನೊಂದು ಕಡೆ ಎಂದು ಮೊದಲೇ ಬೇರ್ಪಡಿಸಿಕೊಂಡವರಿಗಷ್ಟೇ ಆ ವೃತ್ತಗಳು ಅರ್ಥವಾಗುತ್ತವೆ. ಮಳೆ ಕೈಕೊಟ್ಟ ವರ್ಷ ಸಾಲಕ್ಕೆ ಬಿದ್ದ ರೈತನ ಬಳಿ, ಆನೆ ನುಗ್ಗಿ ಗದ್ದೆ ತುಳಿದ ಮರುದಿನ ಸಕಲೇಶಪುರದ ಕೃಷಿಕನ ಬಳಿ ಆ ಹಾಳೆ ಹಿಡಿದು ಹೋದರೆ ಏನು ಉತ್ತರ ಬಂದೀತು? ಕಡಿಮೆ ಅಂಕ ಬಂದ ಮಾತ್ರಕ್ಕೆ ಅವರ ನಂಟು ಸಡಿಲವೆನ್ನಲಾಗದು.

ದುಡಿಮೆಯ ನಂಟು

ಆಶ್ವಯುಜದ ಹುಣ್ಣಿಮೆಯ ಹೊತ್ತಿಗೆ ಮಲೆನಾಡಿನ ಗದ್ದೆಗಳಲ್ಲಿ ಭತ್ತ ಹೊಡೆ ತುಂಬಿಕೊಂಡಿರುತ್ತದೆ. ಭೂಮಿ ಈಗ ಬಸುರಿ, ಅವಳ ಬಯಕೆ ತೀರಿಸಬೇಕು ಎಂಬ ಭಾವನೆಯಿಂದ ಆಚರಿಸುವುದೇ ಭೂಮಿ ಹುಣ್ಣಿಮೆ. ಹೆಂಗಸರು ರಾತ್ರಿಯಿಡೀ ಎಚ್ಚರವಿದ್ದು ಬೆರಕೆ ಸೊಪ್ಪು, ಕಡುಬು, ಬಗೆಬಗೆಯ ಅಡುಗೆ ಮಾಡುತ್ತಾರೆ. ಬೆಳಗಿನ ಜಾವ ಗಂಡಸರು ಅದನ್ನು ಬುಟ್ಟಿಯಲ್ಲಿ ಹೊತ್ತೊಯ್ದು ಗದ್ದೆಗೆ ಬೀರುತ್ತಾರೆ. ಸಾಗರ, ಸೊರಬದ ಕಡೆ ದೀವರ ಹೆಂಗಸರು ಕೆಮ್ಮಣ್ಣು ಬಳಿದ ಮೇಲೆ ಅಕ್ಕಿಹಿಟ್ಟಿನಿಂದ ಚಿತ್ತಾರ ಬರೆಯುವ ಭೂಮಣ್ಣಿ ಬುಟ್ಟಿ ಇದಕ್ಕೆಂದೇ ಸಿದ್ಧವಾಗುತ್ತದೆ. ಉತ್ತರ ಕರ್ನಾಟಕದಲ್ಲಿ ಸೀಗಿ ಹುಣ್ಣಿಮೆ, ಎಳ್ಳಮಾವಾಸ್ಯೆಗಳಂದು ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತಾರೆ. ತುಳುನಾಡಿನ ಕೆಡ್ಡಸದಲ್ಲಿ ಭೂಮಿ ಮುಟ್ಟಾಗಿದ್ದಾಳೆಂದು ಮೂರು ದಿನ ನೆಲ ಅಗೆಯುವುದಿಲ್ಲ, ಉಳುವುದಿಲ್ಲ. ನಿಸರ್ಗದ ಮೇಲಿನ ಪ್ರೀತಿ ಎಂದು ಇವನ್ನು ಯಾರೂ ಹೆಸರಿಟ್ಟು ಕರೆಯುವುದಿಲ್ಲ. ಉಣ್ಣಿಸುವ ನೆಲವನ್ನು ಮನೆಯ ಹೆಣ್ಣುಮಗಳಂತೆ ನಡೆಸಿಕೊಳ್ಳುವ ಈ ವಾಡಿಕೆಯಲ್ಲಿ ಲಾಭದ ಲೆಕ್ಕವೂ ವಾತ್ಸಲ್ಯವೂ ಬಿಡಿಸಲಾರದಂತೆ ಬೆರೆತಿವೆ.

ಅಪ್ಪಿಕೋ ಚಳವಳಿಯೂ ಇಂಥದೇ ಬೆರಕೆಯ ಫಲ. 1983ರ ಸೆಪ್ಟೆಂಬರಿನಲ್ಲಿ ಶಿರಸಿ ಸೀಮೆಯ ಸಾಲ್ಕಣಿ ಸುತ್ತಲಿನ ಜನ ಕಾಡಿಗೆ ನಡೆದುಹೋಗಿ, ಕೊಡಲಿಗೆ ಗುರುತಾದ ಮರಗಳನ್ನು ಅಪ್ಪಿಕೊಂಡರು. ಹಿಮಾಲಯದ ಚಿಪ್ಕೊ ಅದಕ್ಕೆ ಪ್ರೇರಣೆ, ಪಾಂಡುರಂಗ ಹೆಗಡೆ ಅದರ ಮುಂದಾಳುಗಳಲ್ಲಿ ಪ್ರಮುಖರು. ಮರವನ್ನು ಅಪ್ಪುವುದು ಭಾವುಕ ಚಿತ್ರವಾಗಿ ಪ್ರಸಿದ್ಧವಾಯಿತು. ಅದರ ಹಿಂದೆ ಇದ್ದದ್ದು ಸೊಪ್ಪಿನ ಬೆಟ್ಟದ ಲೆಕ್ಕಾಚಾರ. ಅಡಿಕೆ ತೋಟಕ್ಕೆ ಸೊಪ್ಪು, ದರಕು ಬರುವುದು ಸಹಜ ಕಾಡಿನಿಂದ. ಕಾಡು ಕಡಿದು ಸಾಗುವಾನಿ ನೆಟ್ಟರೆ ಸೊಪ್ಪೂ ಇಲ್ಲ, ಹಳ್ಳದ ನೀರೂ ಇಲ್ಲ ಎಂಬುದನ್ನು ಅವರು ಕಣ್ಣಾರೆ ಕಂಡಿದ್ದರು. ಅಪ್ಪುಗೆಯನ್ನು ಮಾತ್ರ ಹೊಗಳಿ ಸೊಪ್ಪಿನ ಬೆಟ್ಟವನ್ನು ಮರೆಯುವ ಬರಹಗಳು ಆ ಚಳವಳಿಗೆ ಅನ್ಯಾಯ ಮಾಡುತ್ತವೆ.

ಶಿವರಾಮ ಕಾರಂತರ ‘ಬೆಟ್ಟದ ಜೀವ’ (1943) ಈ ದೃಷ್ಟಿಯಿಂದ ಯಾವ ಮನಶ್ಶಾಸ್ತ್ರದ ಗ್ರಂಥಕ್ಕೂ ಕಡಿಮೆಯಲ್ಲ. ಸುಬ್ರಹ್ಮಣ್ಯದ ಸುತ್ತಲಿನ ಕಾಡಿನಲ್ಲಿ ತೋಟ ಎಬ್ಬಿಸಿದ ಗೋಪಾಲಯ್ಯ ಕಾಡನ್ನು ಆರಾಧಿಸುವವನಲ್ಲ, ಅದರೊಡನೆ ಸೆಣಸುವವನು. ಹುಲಿ, ಆನೆಗಳ ಕಾಟ ಅವನ ದಿನಚರಿ. ಹಾಗಿದ್ದೂ ಆ ಬೆಟ್ಟವನ್ನು ಬಿಟ್ಟು ಅವನು ಬೇರೆಡೆ ಬದುಕುವುದನ್ನು ಓದುಗರು ಊಹಿಸಲಾರರು. ಗುಡ್ಡ ಕಡಿದವನೇ ಗುಡ್ಡದ ಜೀವವಾಗಿರುವ ಈ ವಿಪರ್ಯಾಸಕ್ಕೆ ಮೇಲೆ ಹೇಳಿದ ಪ್ರಶ್ನಾವಳಿಗಳಲ್ಲಿ ಜಾಗವಿಲ್ಲ.

ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಕಥೆ ಇದಕ್ಕೆ ಇನ್ನೊಂದು ಮುಖ ಕೊಡುತ್ತದೆ. ದೊಡ್ಡ ಸಂಪಿಗೆ ಅವರ ದೈವ. ಕಾಡಿನ ಕಲ್ಲು, ತೊರೆ, ಮರಗಳು ಕುಲಗಳ ನೆಲೆಗಳು. ಬೇಸಗೆಗೆ ಮುಂಚೆ ತರಗಿಗೆ ಬೆಂಕಿ ಕೊಟ್ಟು ಕಾಡನ್ನು ನಿರ್ವಹಿಸುವುದು ಅವರ ಹಳೆಯ ಪದ್ಧತಿ. 1970ರ ದಶಕದಲ್ಲಿ ಅಭಯಾರಣ್ಯದ ಘೋಷಣೆಯೊಂದಿಗೆ ಬೆಂಕಿಯೂ ಬೇಸಾಯವೂ ನಿಷೇಧಕ್ಕೊಳಗಾದವು. ನಿಸರ್ಗವನ್ನು ಉಳಿಸುವ ಹೆಸರಿನಲ್ಲಿ ಅದರೊಂದಿಗೆ ಅತಿ ಹತ್ತಿರ ಇದ್ದವರನ್ನೇ ದೂರವಿಟ್ಟದ್ದು ಸಂರಕ್ಷಣೆಯ ಇತಿಹಾಸದಲ್ಲಿ ಮತ್ತೆಮತ್ತೆ ನಡೆದಿದೆ. 2011ರಲ್ಲಿ ಸೋಲಿಗರ ಗ್ರಾಮಸಭೆಗಳಿಗೆ ಅರಣ್ಯ ಹಕ್ಕು ಕಾಯ್ದೆಯ ಅಡಿ ಸಮುದಾಯ ಹಕ್ಕುಗಳು ದೊರೆತವು.

ಹುಲಿಕಲ್‌ನಿಂದ ಕುದೂರಿನ ದಾರಿಯಲ್ಲಿ ಆಲದ ಸಾಲು ಬೆಳೆಸಿದ ಸಾಲುಮರದ ತಿಮ್ಮಕ್ಕ, ಅಂಕೋಲೆ ಕಡೆಯ ಹಾಲಕ್ಕಿ ಹೆಣ್ಣುಮಗಳು ತುಳಸಿ ಗೌಡ ಇಬ್ಬರೂ ಪದ್ಮಶ್ರೀ ಪುರಸ್ಕೃತರು. ಮಕ್ಕಳಿಲ್ಲದ ದಂಪತಿ ಗಿಡಗಳನ್ನೇ ಮಕ್ಕಳಂತೆ ಸಾಕಿದರೆಂದು ತಿಮ್ಮಕ್ಕನ ಕಥೆಯನ್ನು ಎಲ್ಲರೂ ಬಲ್ಲರು. ಬೇಸಗೆಯಲ್ಲಿ ಕೊಡ ಹೊತ್ತು ಮೈಲಿಗಟ್ಟಲೆ ನಡೆದ ಶ್ರಮವೇ ಆ ವಾತ್ಸಲ್ಯವನ್ನು ಬೆಳೆಸಿತೆಂದು ಹೇಳಿದರೂ ತಪ್ಪಲ್ಲ.

ಊರಿನ ಹಂಬಲ

ನಿರ್ದಿಷ್ಟ ಜಾಗದ ಮೇಲಿನ ಮಮತೆಯನ್ನು ಚೀನಾ ಮೂಲದ ಅಮೆರಿಕನ್ ಭೂಗೋಳಜ್ಞ ಯಿ-ಫು ತುಆನ್ 1974ರಲ್ಲಿ ‘ಟೋಪೊಫಿಲಿಯಾ’ ಎಂಬ ಹೆಸರಿನಲ್ಲಿ ವಿವರಿಸಿದ. ಹತ್ತನೆಯ ಶತಮಾನದ ಪಂಪನಲ್ಲಿ ಬನವಾಸಿಯನ್ನು ಕಂಡ ಅರ್ಜುನನ ಹಂಬಲ, ಮನುಷ್ಯನಾಗಿ ಅಲ್ಲದಿದ್ದರೂ ಅಲ್ಲಿನ ತೋಟದ ಜೀವಿಯಾಗಿಯಾದರೂ ಹುಟ್ಟುವ ಆಸೆ, ಇದಕ್ಕೆ ಕನ್ನಡಿಗರೆಲ್ಲರಿಗೂ ಗೊತ್ತಿರುವ ಉದಾಹರಣೆ. ಪ್ರಾಚೀನ ತಮಿಳು ಸಂಗಂ ಕವಿಗಳು ಇನ್ನೂ ಮುಂದೆ ಹೋಗಿ, ಭಾವಕ್ಕೂ ನೆಲಕ್ಕೂ ನೇರ ನಂಟು ಕಲ್ಪಿಸಿದ್ದರು. ಬೆಟ್ಟದ ಕುರಿಂಜಿ ಮಿಲನಕ್ಕೆ, ಕಾಡಿನ ಮುಲ್ಲೈ ತಾಳ್ಮೆಯ ಕಾಯುವಿಕೆಗೆ, ಗದ್ದೆಬಯಲಿನ ಮರುದಂ ಮುನಿಸಿಗೆ, ಕಡಲ ತೀರದ ನೆಯ್ದಲ್ ಕಾತರಕ್ಕೆ, ಬೆಂಗಾಡು ಪಾಲೈ ಅಗಲಿಕೆಗೆ. ಮೈಸೂರಿನಲ್ಲಿ ಹುಟ್ಟಿ ಕನ್ನಡದಲ್ಲೂ ಬರೆದ ಎ.ಕೆ. ರಾಮಾನುಜನ್ ಈ ಕವಿತೆಗಳ ಇಂಗ್ಲಿಷ್ ಅನುವಾದ ‘ದಿ ಇಂಟೀರಿಯರ್ ಲ್ಯಾಂಡ್‌ಸ್ಕೇಪ್’ನಿಂದ (1967) ಈ ಭಾವಭೂಗೋಳವನ್ನು ಹೊರಜಗತ್ತಿಗೆ ತೋರಿಸಿಕೊಟ್ಟರು.

ನಗರದಲ್ಲೂ ಇಂಥ ಮಮತೆ ಇಲ್ಲದಿಲ್ಲ. ಬೆಂಗಳೂರಿನಲ್ಲಿ ಉಕ್ಕಿನ ಮೇಲ್ಸೇತುವೆಗಾಗಿ 800ಕ್ಕೂ ಹೆಚ್ಚು ಮರಗಳನ್ನು ಕಡಿಯುವ ಯೋಜನೆಯ ವಿರುದ್ಧ 2016ರ ಅಕ್ಟೋಬರಿನಲ್ಲಿ ಜನ ಮಾನವ ಸರಪಳಿ ಕಟ್ಟಿದರು. ಮರುವರ್ಷ ಸರ್ಕಾರ ಯೋಜನೆಯನ್ನು ಕೈಬಿಟ್ಟಿತು.

ಕಳೆದುಕೊಂಡ ದುಃಖ

ಆಸ್ಟ್ರೇಲಿಯಾದ ಹಂಟರ್ ಕಣಿವೆಯಲ್ಲಿ ತೆರೆದ ಕಲ್ಲಿದ್ದಲು ಗಣಿಗಳ ಪಕ್ಕ ಬದುಕುತ್ತಿದ್ದವರ ಸಂಕಟವನ್ನು ಕಂಡ ತತ್ತ್ವಜ್ಞ ಗ್ಲೆನ್ ಆಲ್ಬ್ರೆಕ್ಟ್ 2003ರ ಸುಮಾರಿಗೆ ಅದಕ್ಕೆ ‘ಸೋಲಾಸ್ಟಾಲ್ಜಿಯಾ’ ಎಂಬ ಹೆಸರು ಕೊಟ್ಟ. ಊರು ಬಿಟ್ಟುಹೋದವರಿಗೆ ಊರಿನ ಹಂಬಲ ಸಹಜ. ಇವರು ಊರಲ್ಲೇ ಇದ್ದರು. ಕಣ್ಣೆದುರೇ ಊರು ಊರಾಗಿ ಉಳಿದಿರಲಿಲ್ಲ. ಶರಾವತಿ ಕಣಿವೆಯ ಜನ ಇದನ್ನು ಅದಕ್ಕೂ ನಾಲ್ಕು ದಶಕ ಮೊದಲೇ ಅನುಭವಿಸಿದ್ದರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ಏರಿದಾಗ ಗದ್ದೆ, ತೋಟ, ದೇವರ ಬನಗಳು ಮುಳುಗಿದವು. ಕುಟುಂಬಗಳನ್ನು ಲಾರಿಗಳಲ್ಲಿ ತುಂಬಿ ಶಿವಮೊಗ್ಗದ ಕಾಡುಗಳಲ್ಲಿ ಇಳಿಸಲಾಯಿತು. ಸಂತ್ರಸ್ತರ ಭೂಮಿಯ ಹಕ್ಕುಪತ್ರದ ತಕರಾರು ಅರ್ಧ ಶತಮಾನ ದಾಟಿದರೂ ಮುಗಿಯಲಿಲ್ಲ. ಸಾಗರದಲ್ಲಿದ್ದು ಬರೆದ ನಾ. ಡಿಸೋಜರ ಕಾದಂಬರಿ ‘ದ್ವೀಪ’ದಲ್ಲಿ ಸುತ್ತಲೂ ನೀರು ಏರುತ್ತಿದ್ದರೂ ಮನೆ ಬಿಡಲಾರದ ಕುಟುಂಬವೇ ಕೇಂದ್ರ. ಗಿರೀಶ್ ಕಾಸರವಳ್ಳಿ ಅದನ್ನು ಚಲನಚಿತ್ರ ಮಾಡಿದರು. ಆಲ್ಬ್ರೆಕ್ಟ್ ಹೆಸರಿಟ್ಟ ಸಂಕಟದ ಇಷ್ಟು ತಾಳ್ಮೆಯ ಚಿತ್ರಣ ಬೇರೆಡೆ ಸಿಗುವುದು ಅಪರೂಪ.

ನಷ್ಟವೇ ಗೊತ್ತಾಗದ ಸ್ಥಿತಿ ಇನ್ನೊಂದು ಬಗೆಯದು. ಪ್ರತಿ ತಲೆಮಾರೂ ತಾನು ಬಾಲ್ಯದಲ್ಲಿ ಕಂಡದ್ದನ್ನೇ ಸಹಜಸ್ಥಿತಿ ಎಂದು ತಿಳಿಯುತ್ತದೆ ಎಂಬುದನ್ನು ಮೀನುಗಾರಿಕೆಯ ಸಂದರ್ಭದಲ್ಲಿ ಡೇನಿಯಲ್ ಪಾಲಿ 1995ರಲ್ಲಿ ಗುರುತಿಸಿದ. ಹ್ಯೂಸ್ಟನ್ ನಗರದ ಮಕ್ಕಳಲ್ಲಿ ಪೀಟರ್ ಕಾನ್‌ಗೂ ಇದೇ ಕಂಡಿತು: ವಾಯುಮಾಲಿನ್ಯವೆಂದರೇನು ಎಂದು ವಿವರಿಸಬಲ್ಲ ಎಷ್ಟೋ ಮಕ್ಕಳಿಗೆ ತಮ್ಮ ಊರಿನ ಗಾಳಿ ಕೆಟ್ಟಿದೆಯೆಂದು ಅನ್ನಿಸಿರಲಿಲ್ಲ. ಕೊಡಗಿನಲ್ಲಿ ಈಗಲೂ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ ಎಂದು ನಾವು ಹೆಮ್ಮೆಪಡುತ್ತೇವೆ. 1905ರಲ್ಲಿ 6,000 ಹೆಕ್ಟೇರ್ ಮೀರಿದ್ದ ಅವುಗಳ ವಿಸ್ತೀರ್ಣ 1985ರ ಹೊತ್ತಿಗೆ ಸುಮಾರು 2,500 ಹೆಕ್ಟೇರಿಗೆ ಇಳಿದಿತ್ತೆಂಬುದು ಆ ಹೆಮ್ಮೆಯಲ್ಲಿ ಮರೆತುಹೋಗುತ್ತದೆ. ಮಕ್ಕಳು ಹೊರಗೆ ಆಡದಿರುವುದರ ಪರಿಣಾಮಗಳಿಗೆ ಪತ್ರಕರ್ತ ರಿಚರ್ಡ್ ಲೂವ್ 2005ರಲ್ಲಿ ‘ನಿಸರ್ಗ ಕೊರತೆಯ ಕಾಯಿಲೆ’ ಎಂಬ ಅರ್ಥದ ಹೆಸರು ಕೊಟ್ಟದ್ದು ಜನಪ್ರಿಯವಾದರೂ ವೈದ್ಯಶಾಸ್ತ್ರ ಅದನ್ನು ಕಾಯಿಲೆಯೆಂದು ಒಪ್ಪಿಲ್ಲ.

ಹವಾಮಾನ ಬದಲಾವಣೆಯ ಕುರಿತ ಆತಂಕ ಈ ದುಃಖದ ಇತ್ತೀಚಿನ ರೂಪ. 2021ರಲ್ಲಿ ‘ಲ್ಯಾನ್ಸೆಟ್ ಪ್ಲಾನೆಟರಿ ಹೆಲ್ತ್’ ಪತ್ರಿಕೆಯಲ್ಲಿ ಪ್ರಕಟವಾದ ಸಮೀಕ್ಷೆಗೆ ಭಾರತವೂ ಸೇರಿ 10 ದೇಶಗಳ 16ರಿಂದ 25 ವರ್ಷದ 10,000 ಯುವಜನರು ಉತ್ತರಿಸಿದ್ದರು. ಶೇ. 59ರಷ್ಟು ಮಂದಿ ತೀವ್ರ ಅಥವಾ ಅತಿ ತೀವ್ರ ಚಿಂತೆಯಲ್ಲಿರುವುದಾಗಿ ಹೇಳಿದರು. ಆ ಚಿಂತೆ ದಿನನಿತ್ಯದ ಬದುಕಿಗೂ ತೊಡಕಾಗಿದೆ ಎಂದವರು ಶೇ. 45ಕ್ಕೂ ಹೆಚ್ಚು. ಸಮೀಕ್ಷೆ ನಡೆದದ್ದು ಅಂತರ್ಜಾಲದ ಮೂಲಕ, ಭಾರತದಲ್ಲಿ ಇಂಗ್ಲಿಷ್ ಭಾಷೆಯಲ್ಲಿ. ಮಳೆಯನ್ನು ನಂಬಿ ಬೇಸಾಯ ಮಾಡುವ, ಇಂಗ್ಲಿಷ್ ಬಾರದ ಮನೆಗಳ ಯುವಕ ಯುವತಿಯರ ಆತಂಕ ಆ ಲೆಕ್ಕದೊಳಗೆ ಬಂದಿಲ್ಲ.